ಭಾನುವಾರದ ಗುಜರಿ

ಜೀಪು ನಿಂತ ಮೂರನೆಯ ವಾರಕ್ಕೆ ರೇಣುಕಪ್ಪನ ಮನೆಯಲ್ಲಿ ಮಾತು ಕಡಿಮೆಯಾಗಿ ಪಾತ್ರೆಗಳ ಸದ್ದು ಹೆಚ್ಚಾಯಿತು.

ಬಾಳೆಹೊನ್ನೂರಿನಿಂದ ಜಯಪುರಕ್ಕೆ ಹೋಗುವ ರಸ್ತೆಯ ಮಗ್ಗುಲಲ್ಲೇ ಆ ಮನೆ. ಮುಂದೆ ತಗಡಿನ ಶೆಡ್ಡು, ಶೆಡ್ಡಿನಲ್ಲಿ ಜೀಪು. ರೇಣುಕಪ್ಪ ಬಹಳ ಕಾಲ ಓಡಿಸಿ, ಮಂಡಿ ಕೈಕೊಟ್ಟ ಮೇಲೆ ಮಗ ಪ್ರಸನ್ನಕುಮಾರನಿಗೆ ಬಿಟ್ಟುಕೊಟ್ಟಿದ್ದು. ಬೆಳಿಗ್ಗೆ ಆಳುಗಳನ್ನು ಎಸ್ಟೇಟಿಗೆ ಬಿಡುವುದು, ಸಂಜೆ ಕರೆತರುವುದು, ನಡುವೆ ಗೊಬ್ಬರವೋ ಗ್ಯಾಸ್ ಸಿಲಿಂಡರೋ ಸಿಕ್ಕಿದ್ದನ್ನು ಹೇರುವುದು. ಕಾಫಿ ಕೊಯ್ಲು ಶುರುವಾದ ವಾರವೇ, ಕಡಿದಾದ ಏರಿನಲ್ಲಿ, ತುಂಬ ಆಳು ಕೂತಿದ್ದಾಗ ಹಿಂದಿನಿಂದ ಕಟಕಟ ಸದ್ದು ಬಂದು ಜೀಪು ನಿಂತೇಬಿಟ್ಟಿತು. ಎಂಜಿನ್ ಓಡುತ್ತದೆ, ಗೇರು ಬೀಳುತ್ತದೆ, ಚಕ್ರ ಮಾತ್ರ ತಿರುಗುವುದಿಲ್ಲ. ಬಿಚ್ಚಿ ನೋಡಿದರೆ ಕ್ರೌನಿನ ಹಲ್ಲು ಉದುರಿತ್ತು. ಕ್ರೌನ್ ಅಂದರೆ ಹಿಂದಿನ ಎರಡು ಚಕ್ರಗಳ ನಡುವೆ ಕೂತು ಅವನ್ನು ತಿರುಗಿಸುವ, ಸಣ್ಣ ತಟ್ಟೆಯಷ್ಟು ಅಗಲದ ಹಲ್ಲುಚಕ್ರ. ಅದಕ್ಕೆ ಜೋಡಿಯಾಗಿ ಪಿನಿಯನ್ ಅಂತ ಒಂದು ಚಿಕ್ಕದು. ಎರಡೂ ಒಂದೇ ಗಾಡಿಯಲ್ಲಿ ಒಟ್ಟಿಗೆ ಸವೆದ ಜೋಡಿಯೇ ಆಗಬೇಕು, ಬೇರೆ ಬೇರೆ ಗಾಡಿಯದು ಹೊಂದುವುದಿಲ್ಲ. ಆ ಹಳೇ ಮಾಡೆಲ್ಲಿನದು ತಯಾರಾಗುವುದು ನಿಂತು ಎಷ್ಟೋ ಕಾಲವಾಗಿತ್ತು.

"ಗುಜರೀಲಿ ಸಿಕ್ಕರೆ ಸಿಕ್ತು. ಇಲ್ಲಾಂದ್ರೆ ಇದೇ ಗುಜರಿ," ಅಂದಿದ್ದ ಗ್ಯಾರೇಜಿನ ಸಿದ್ದಾರ್ಥ, ಜೀಪಿನ ಬಾನೆಟ್ಟು ತಟ್ಟಿ.

ಆವತ್ತು ಬೆಳಿಗ್ಗೆ ದಾಕ್ಷಾಯಿಣಿ ಅಕ್ಕಿ ರೊಟ್ಟಿ ತಟ್ಟುತ್ತಿದ್ದಳು. ರೇಣುಕಪ್ಪನ ಮೊದಲನೆಯವಳು, ಪ್ರಸನ್ನನಿಗಿಂತ ಆರು ವರ್ಷಕ್ಕೆ ದೊಡ್ಡವಳು. ತಾಯಿ ಹಾಸಿಗೆ ಹಿಡಿದಾಗ ಒಂಬತ್ತನೇ ಕ್ಲಾಸಿಗೆ ಶಾಲೆ ಬಿಟ್ಟು ಒಲೆ ಹಿಡಿದವಳು, ತಾಯಿ ಹೋದ ಮೇಲೂ ಒಲೆ ಬಿಡಲಿಲ್ಲ. ನೋಡಲು ಬಂದ ಗಂಡುಗಳಲ್ಲಿ ಒಂದೂ ಕೂಡಿಬರಲಿಲ್ಲ. ಆಮೇಲಾಮೇಲೆ ಬರುವುದೂ ನಿಂತಿತು.

"ಇವತ್ತೂ ಆ ನಾರ್ವೆ ಊರಿನವನ ಜೀಪೇ ನಮ್ಮ ಆಳು ತುಂಬ್ಕೊಂಡು ಹೋಯ್ತು," ಅಂದ ರೇಣುಕಪ್ಪ, ಕಿಟಕಿಯ ಕಡೆ ನೋಡುತ್ತ. "ನಮ್ಮ ಮನೆ ಮುಂದೆ ಹಾರನ್ ಬೇರೆ ಹೊಡೀತಾನೆ."

"ತಿರುವು ಇದೆಯಲ್ಲ ಅಪ್ಪಯ್ಯ, ಹೊಡೀಲೇಬೇಕು," ಅಂದ ಪ್ರಸನ್ನ.

"ನಾನೂ ಗಾಡಿ ಓಡಿಸಿದವನೇ ಮಾರಾಯ. ಯಾವ ಹಾರನ್ ತಿರುವಿಗೆ, ಯಾವ ಹಾರನ್ ಹೊಟ್ಟೆ ಉರಿಸೋಕೆ ಅಂತ ಗೊತ್ತಾಗಲ್ವಾ?"

ಸೊಸೆ ಶ್ವೇತ ಡಬ್ಬಿಗೆ ರೊಟ್ಟಿ ತುಂಬಿಕೊಳ್ಳುತ್ತಿದ್ದಳು. ಮದುವೆಯಾಗಿ ಬಂದು ಇನ್ನೂ ವರ್ಷ ತುಂಬಿರಲಿಲ್ಲ. ಜಯಪುರದ ಒಂದು ಸೊಸೈಟಿಯಲ್ಲಿ ಕೆಲಸ. ಬೆಳಗಿನ ಬಸ್ಸಿಗೆ ಹೋದರೆ ಬರುವುದು ಸಂಜೆಗೆ.

"ಮಾವ, ಬೇಜಾರು ಮಾಡ್ಕೋಬೇಡಿ. ಅದನ್ನ ಕೊಟ್ಟು ಒಂದು ಪಿಕಪ್ ತಗೊಂಡ್ರೆ ಆಗಲ್ವಾ? ಸಾಲಕ್ಕೆ ನಾನು ಓಡಾಡ್ತೀನಿ."

"ಸಾಲದ ಗಾಡಿ ಗಾಡಿ ಅಲ್ಲ ಕಣಮ್ಮ, ನೆಂಟ. ತಿಂಗಳು ತಿಂಗಳು ಅದಕ್ಕೆ ಹೋಳಿಗೆ ಊಟ ಹಾಕಬೇಕು."

"ಈಗ ಶೆಡ್ಡಲ್ಲಿ ಕೂತಿರೋದು ಎಂತದು ಮತ್ತೆ? ದೇವರಾ?"

ರೇಣುಕಪ್ಪ ತಟ್ಟೆ ಸರಿಸಿದ. ಶ್ವೇತ ಡಬ್ಬಿಯ ಮುಚ್ಚಳವನ್ನು ಬೇಕಾದ್ದಕ್ಕಿಂತ ಜೋರಾಗಿ ಒತ್ತಿದಳು. ಪ್ರಸನ್ನ ಇಬ್ಬರನ್ನೂ ನೋಡಲಿಲ್ಲ.

"ಸಾಕು ಬಿಡಿ. ಭಾನುವಾರ ಎನ್.ಆರ್. ಪುರದ ಗುಜರಿಗೆ ಹೋಗಿ ನೋಡ್ಕೊಂಡು ಬರ್ತೀನಿ. ಅಕ್ಕ, ನೀನೂ ಬಾ."

"ಹ್ಞೂಂ," ಅಂದಳು ದಾಕ್ಷಾಯಿಣಿ. ಅಷ್ಟೇ ಅಂದಳು. ಆದರೆ ಆವತ್ತಿನ ರೊಟ್ಟಿಗಳು ಒಂದೂ ಸೀಯಲಿಲ್ಲ, ಅಂಚೂ ಒಡೆಯಲಿಲ್ಲ.

ತಮ್ಮನ ಮದುವೆಗೆ ಮೊದಲು ಅವರಿಬ್ಬರೂ ಹೀಗೆ ಎಷ್ಟೋ ಸಲ ಹೋಗಿದ್ದರು. ಗಾಡಿಯ ಕೆಳಗೆ ಮಲಗಿ ಬಿಚ್ಚುವವನು ಅವನು, ಬಿಚ್ಚಿದ ನಟ್ಟು ಬೋಲ್ಟುಗಳನ್ನು ಹಳೇ ಕಾಫಿಪುಡಿ ಡಬ್ಬಿಯಲ್ಲಿ ಹಿಡಿದು ಕೂರುವವಳು ಇವಳು. ಅವನ ಕೈ ಹೋಗದ ಸಂದಿಗೆ ಇವಳ ಕೈ ಹೋಗುತ್ತಿತ್ತು. ಜೀಪಿನ ಮುಂದಿನ ಸೀಟು ಆಗ ಅವಳದು. ಮದುವೆಯಾದ ಮೇಲೆ ಅಲ್ಲಿ ಶ್ವೇತ ಕೂತಳು, ಕೂರಬೇಕಾದ್ದೇ. ದಾಕ್ಷಾಯಿಣಿ ಹಿಂದಕ್ಕೆ ಹೋದಳು. ಆಮೇಲೆ ಎಲ್ಲಿಗೂ ಹೋಗುವುದೇ ಬೇಡವಾಯಿತು. ಪ್ರಸನ್ನ ಮನೆಯಲ್ಲಿ ಅವಳ ಹತ್ತಿರ ಆಡುವ ಮಾತು "ಅಕ್ಕ, ನೀರು", "ಅಕ್ಕ, ಬೀಗ ಎಲ್ಲಿ" ಇಷ್ಟಕ್ಕೆ ಬಂದು ನಿಂತಿತ್ತು.

ಭಾನುವಾರ ಶ್ವೇತ ತವರಿಗೆ ಹೋದಳು. ಅಕ್ಕ ತಮ್ಮ ಎನ್.ಆರ್. ಪುರದ ಬಸ್ಸು ಹತ್ತಿದರು. ಮುರಿದ ಕ್ರೌನನ್ನು ರಟ್ಟಿನ ಮೇಲಿಟ್ಟು ಪೆನ್ಸಿಲಿನಲ್ಲಿ ಗೀಟು ಎಳೆದು, ಅದೇ ಅಳತೆಗೆ ದುಂಡಗೆ ಕತ್ತರಿಸಿದ ಬಿಲ್ಲೆ ದಾಕ್ಷಾಯಿಣಿಯ ಚೀಲದಲ್ಲಿತ್ತು. ಬಸ್ಸಿನಲ್ಲಿ ಪ್ರಸನ್ನ ಕಿಟಕಿಯ ಸೀಟು ಅವಳಿಗೆ ಬಿಟ್ಟ.

"ಅಕ್ಕ, ಅವತ್ತು ಏರಲ್ಲಿ ಜೀಪು ಬರೀ ನಿಂತಿದ್ದಲ್ಲ," ಅಂದ ಸ್ವಲ್ಪ ದೂರ ಹೋದ ಮೇಲೆ.

"ಮತ್ತೆ?"

"ಹಿಂದಕ್ಕೆ ಜಾರ್ತು. ಬ್ರೇಕ್ ಒತ್ತಿದ್ರೂ ಜಾರ್ತಾನೇ ಇತ್ತು. ಹಿಂದೆ ಕೂತ ಹೆಂಗಸ್ರು ಕೂಗ್ತಿದ್ರು. ಆ ಭೈರಮ್ಮ ಇದ್ದಾಳಲ್ಲ, ಎಲೆ ಅಡಿಕೆ ಉಗೀತಾ ಇಳಿದವಳೇ ಒಂದು ಕಲ್ಲು ಎತ್ತಿ ಚಕ್ರಕ್ಕೆ ಕೊಟ್ಲು. ಕೊಟ್ಟು ಎಂತ ಅಂದ್ಲು ಗೊತ್ತಾ? 'ಮಾಣಿ, ಇವತ್ತಿನ ಬಾಡಿಗೆ ನಾನು ಕೊಡಲ್ಲ' ಅಂದ್ಲು."

ದಾಕ್ಷಾಯಿಣಿ ನಕ್ಕಳು. ಅವನೂ ನಕ್ಕ. ಆಮೇಲೆ ಅಂಗೈ ನೋಡಿಕೊಂಡ. "ಈಗಲೂ ರಾತ್ರಿ ಕಾಲು ಬ್ರೇಕ್ ಒತ್ತುತ್ತೆ. ಶ್ವೇತಂಗೆ ಹೇಳಿಲ್ಲ. ಹೆದರ್ತಾಳೆ."

"ನಂಗೆ ಹೇಳಿದೆಯಲ್ಲ."

"ನೀನು ಹೆದರಲ್ಲ."

ಮಲ್ಲೇಶಪ್ಪನ ಗುಜರಿ ಊರಾಚೆ, ಇಳಿಜಾರಿನಲ್ಲಿ. ಲಾರಿ, ವ್ಯಾನು, ಕಾರು, ಜೀಪುಗಳು ಸಾಲುಸಾಲಾಗಿ, ಚಕ್ರ ಇಲ್ಲದೆ, ಕಲ್ಲಿನ ಮೇಲೆ ಕೂತಿದ್ದವು. ಅಲ್ಲಿ ಯಾರೂ ಬಿಚ್ಚಿಕೊಡುವುದಿಲ್ಲ. ಪಾನಾ, ಸುತ್ತಿಗೆ ಎಲ್ಲ ನಾವೇ ಒಯ್ಯಬೇಕು, ಬೇಕಾದ್ದನ್ನು ನಾವೇ ಹುಡುಕಿ ಬಿಚ್ಚಬೇಕು, ಗೇಟಿನ ಹತ್ತಿರ ತೂಕಕ್ಕೆ ಹಾಕಿ ದುಡ್ಡು ಕೊಟ್ಟು ಹೊರಡಬೇಕು. ಅಲ್ಲಿಗೆ ಬರುವವರಲ್ಲಿ ಒಂದು ಅಭ್ಯಾಸವೂ ಇತ್ತು. ಬೇಕಾದ್ದು ಸಿಕ್ಕಿದ ದಿನ ಕೈಯಲ್ಲಿ ದುಡ್ಡಿಲ್ಲದಿದ್ದರೆ ಅದನ್ನು ಬೇರೆ ಯಾವುದೋ ಗಾಡಿಯ ಹೊಟ್ಟೆಯೊಳಗೆ ತುರುಕಿ, ಬೇರೆಯವರ ಕಣ್ಣಿಗೆ ಬೀಳದ ಹಾಗೆ ಮುಚ್ಚಿ ಹೋಗುವುದು. ಮುಂದಿನ ವಾರ ಬಂದು ತೆಗೆಯುವುದು. ಮಲ್ಲೇಶಪ್ಪನಿಗೆ ಗೊತ್ತಿತ್ತು. ಕಬ್ಬಿಣ ಬೇಲಿ ದಾಟದಿದ್ದರೆ ಅವನಿಗೆ ಚಿಂತೆಯಿಲ್ಲ.

ತಕ್ಕಡಿ ಹತ್ತಿರ ಕೂತಿದ್ದ ಚೋಮ ಇವಳನ್ನು ಕಂಡು ಹಲ್ಲು ಬಿಟ್ಟ. "ಏನಕ್ಕ, ತಮ್ಮನ ಮದ್ವೆ ಆದ್ಮೇಲೆ ಈ ಕಡೆ ಕಾಣ್ಲೇ ಇಲ್ಲ?"

"ಗಾಡಿ ಚೆನ್ನಾಗಿ ಓಡ್ತಿತ್ತು."

"ನೀವು ಹಿಂಗಂದ್ರೆ ನಮ್ಮ ಹೊಟ್ಟೆ ಗತಿ?"

ಪ್ರಸನ್ನ ಹಳೇ ಜೀಪುಗಳ ಸಾಲಿಗೆ ಹೋದ. ದಾಕ್ಷಾಯಿಣಿ ಹಿಂಬದಿಯ ರಾಶಿಯ ಹತ್ತಿರ ಕೂತಳು. ಯಾರೋ ಬಿಚ್ಚಿ, ಬೇಡವಾಗಿ ಬಿಟ್ಟುಹೋದ ಸಾಮಾನೆಲ್ಲ ಅಲ್ಲಿ ಬಿದ್ದಿತ್ತು. ಎಣ್ಣೆಮಣ್ಣು ಮೆತ್ತಿದ ಒಂದೊಂದನ್ನೂ ಕಡ್ಡಿಯಿಂದ ಕೆರೆದು ನೋಡುತ್ತಾ ಹೋದಳು. ಒಂದು ಹರಿದ ಗೋಣಿಯೊಳಗೆ ತಂತಿಯಿಂದ ಕಟ್ಟಿದ ಜೋಡಿ ಇತ್ತು. ರಟ್ಟಿನ ಬಿಲ್ಲೆಯನ್ನು ಮೇಲಿಟ್ಟಳು. ಅಂಚಿಗೆ ಅಂಚು ಕೂತಿತು. ಬೆರಳಿನಿಂದ ಹಲ್ಲುಗಳನ್ನು ಸವರಿದಳು. ಒಂದೂ ಉದುರಿರಲಿಲ್ಲ.

ಕೂಗಲು ತಿರುಗಿದಳು. ಪ್ರಸನ್ನ ಲಾರಿಯ ಆಚೆ ಬದಿ ಹೆಂಡತಿಯ ಜೊತೆ ಫೋನಿನಲ್ಲಿದ್ದ. ಸಿಗ್ನಲ್ ಸರಿಯಿಲ್ಲದ್ದಕ್ಕೆ ಅವನ ದನಿ ಜೋರಾಗಿತ್ತು.

"ಇದೊಂದು ಸಿಕ್ಕಿಬಿಡ್ಲಿ ಮಾರಾಯ್ತಿ, ಆಮೇಲೆ ಭಾನುವಾರ ಎಲ್ಲ ನಿಂದೇ... ಹೌದೇ, ನಿಜ. ಈ ಗುಜರಿ ಸಹವಾಸ ಇವತ್ತಿಗೆ ಮುಗೀತು ಅಂದ್ಕೊ."

ದಾಕ್ಷಾಯಿಣಿ ತೆರೆದ ಬಾಯಿ ಮುಚ್ಚಿದಳು. ಪಕ್ಕದಲ್ಲಿ ಒಂದು ಬಿಳಿ ವ್ಯಾನು ನಿಂತಿತ್ತು, ಗಾಜು ಇಲ್ಲದ್ದು. ಗೋಣಿಯನ್ನು ಎರಡೂ ಕೈಯಲ್ಲಿ ಎತ್ತಿ, ಹಿಂದಿನ ಸೀಟಿನ ಕೆಳಗೆ ನೂಕಿ, ಕಾಲೊರೆಸುವ ಮ್ಯಾಟು ಎಳೆದು ಮುಚ್ಚಿದಳು. ಒಂದೇ ವಾರ. ಮುಂದಿನ ಭಾನುವಾರ ಬಂದಾಗ ಇಲ್ಲೇ ಕೂತು "ಸಿಕ್ತು" ಅಂತ ಕೂಗಿದರಾಯಿತು ಅಂದುಕೊಂಡಳು.

"ಆ ಕಡೆ ಏನಾದ್ರೂ ಸಿಕ್ತಾ ಅಕ್ಕ?"

"ಇಲ್ಲ," ಅಂದಳು.

ಬಸ್ ಸ್ಟ್ಯಾಂಡಿನ ಹೋಟೆಲಿನಲ್ಲಿ ಅವನು ಗೋಳಿಬಜೆ ಕೊಡಿಸಿದ. ತನ್ನ ತಟ್ಟೆಯ ಚಟ್ನಿಯನ್ನೂ ಅವಳ ತಟ್ಟೆಗೆ ಸುರಿದ. ಚಿಕ್ಕಂದಿನಿಂದ ಅವನಿಗೆ ಚಟ್ನಿ ಸೇರುತ್ತಿರಲಿಲ್ಲ.

ಆದರೆ ಮುಂದಿನ ಭಾನುವಾರ ಎನ್.ಆರ್. ಪುರಕ್ಕೆ ಹೋಗಲಿಲ್ಲ. ಕೊಪ್ಪದ ಗುಜರಿಗೆ ಒಂದು ಹಳೇ ಜೀಪು ಬಂದಿದೆ ಅಂತ ಸಿದ್ದಾರ್ಥ ಸುದ್ದಿ ತಂದ. "ಎನ್.ಆರ್. ಪುರಕ್ಕೇ ಇನ್ನೊಂದ್ಸಲ ಹೋಗೋಣ" ಅನ್ನುವ ಮಾತು ಅವಳ ನಾಲಿಗೆಯ ತುದಿಗೆ ಬಂತು. ಕೊಪ್ಪಕ್ಕೆ ಹೋದರೆ ಇನ್ನೊಂದು ಭಾನುವಾರ ಸಿಗುತ್ತದಲ್ಲ ಅಂತ ನುಂಗಿಕೊಂಡಳು. ಕೊಪ್ಪದ ಜೀಪಿನ ಕ್ರೌನನ್ನು ಮೊದಲೇ ಯಾರೋ ಒಯ್ದಿದ್ದರು. ಅದರ ಮುಂದಿನ ವಾರ ಶೃಂಗೇರಿ. ಗ್ಯಾರೇಜೊಂದರ ಹಿಂದೆ ನಾಲ್ಕೈದು ಗಾಡಿ ಬಿದ್ದಿದ್ದ ಸಣ್ಣ ಜಾಗ, ಅರ್ಧ ಗಂಟೆಯೊಳಗೆ ನೋಡಿ ಮುಗಿಯಿತು. ಬಸ್ಸಿಗೆ ಇನ್ನೂ ಹೊತ್ತಿತ್ತು. ಇಬ್ಬರೂ ಹೊಳೆಯ ಮೆಟ್ಟಿಲಿಗೆ ಹೋಗಿ ಕೈಯ ಗ್ರೀಸು ತೊಳೆದರು. ಪ್ರಸನ್ನ ಮಂಡಕ್ಕಿ ಪೊಟ್ಟಣ ತಂದ. ಮೀನುಗಳು ಒಂದರ ಮೇಲೊಂದು ಬಿದ್ದು ಬಾಯಿ ತೆರೆದವು.

"ಅವ್ವನ ಜೊತೆ ಬಂದಾಗ ನೀನು ಇಲ್ಲೇ ಜಾರಿದ್ದು," ಅಂದಳು ದಾಕ್ಷಾಯಿಣಿ. "ಒದ್ದೆ ಚಡ್ಡೀಲೇ ಪೂರ್ತಿ ಊರು ಸುತ್ತಿದೆ."

"ನೀನು ಶಾಲು ಸುತ್ತಿದ್ದೆ ನಂಗೆ. ಹೆಣ್ಣುಮಗು ಅಂತ ಯಾರೋ ಕೆನ್ನೆ ಹಿಂಡಿದ್ರು." ಅವನು ಎಷ್ಟು ನಕ್ಕನೆಂದರೆ ಪಕ್ಕದವರು ತಿರುಗಿ ನೋಡಿದರು. "ಇದನ್ನೆಲ್ಲ ನೆನಪು ಇಟ್ಕೊಂಡಿರೋಳು ನೀನೊಬ್ಳೇ ಮಾರಾಯ್ತಿ."

ಆ ಸಂಜೆ ಮನೆಗೆ ಬಂದಾಗ ರೇಣುಕಪ್ಪ ದೀಪ ಹಾಕದೆ ಜಗಲಿಯಲ್ಲಿ ಕೂತಿದ್ದ. ಎಸ್ಟೇಟಿನ ಲೆಕ್ಕ ಬರೆಯುವ ರೈಟರು ಬಂದು ಹೋಗಿದ್ದನಂತೆ. ಕೊಯ್ಲು ಮುಗಿಯುವವರೆಗೂ ನಾರ್ವೆಯವನಿಗೇ ಬಾಡಿಗೆ ಗೊತ್ತು ಮಾಡಿಯಾಯಿತು, ನೀವು ಕಾಯಬೇಡಿ ಅಂದನಂತೆ.

"ನಿಂತುಕೊಂಡೇ ಹೇಳಿ ಹೋದ," ಅಂದ ರೇಣುಕಪ್ಪ. "ಕಾಫಿ ಬೇಡ ಅಂದ. ನಮ್ಮ ಮನೇಲಿ ಕಾಫಿ ಬೇಡ ಅಂದವನು ಇವತ್ತಿನವರೆಗೆ ಇರ್ಲಿಲ್ಲ."

ಪ್ರಸನ್ನ ಚಪ್ಪಲಿ ಬಿಡದೆ ಹಾಗೇ ಶೆಡ್ಡಿಗೆ ಹೋದ. ಶ್ವೇತ ಅಡುಗೆಮನೆಗೆ ಬಂದು, ಅತ್ತಿಗೆ ಚೀಲದಿಂದ ತೆಗೆದಿಟ್ಟ ಖಾಲಿ ಮಂಡಕ್ಕಿ ಪೊಟ್ಟಣವನ್ನು ನೋಡಿದಳು.

"ಅತ್ತಿಗೆ, ನೀವು ಗುಜರಿಗೆ ಹೋಗ್ತೀರೋ ಟೂರಿಗೆ ಹೋಗ್ತೀರೋ?"

"ಬಸ್ಸಿಗೆ ಹೊತ್ತಿತ್ತು."

"ಇಲ್ಲಿ ಮಾವ ಬೆಳಗಿಂದ ಒಂದು ತುತ್ತು ಬಾಯಿಗೆ ಹಾಕಿಲ್ಲ. ನಾನು ಹುರುಳಿ ಸಾರು ಮಾಡಿ ಮೂರು ಸಲ ಬಿಸಿ ಮಾಡ್ದೆ. ನೀವು ಮೀನಿಗೆ ಮಂಡಕ್ಕಿ ಹಾಕ್ತಾ ಕೂತಿದ್ರಿ."

ದಾಕ್ಷಾಯಿಣಿ ಎಂದೂ ಎದುರಾಡಿದವಳಲ್ಲ. ಆವತ್ತು ಸೌಟು ಕೆಳಗಿಟ್ಟಳು. "ಮೂರೇ ಮೂರು ಭಾನುವಾರ ಶ್ವೇತ. ಉಳಿದದ್ದೆಲ್ಲ ನಿಂದೇ ಅಲ್ವಾ?"

"ನಂದಾ?" ಶ್ವೇತಳಿಗೆ ನಗುವೂ ಬಂತು, ಕಣ್ಣೀರೂ ಬಂತು. "ನಿಮ್ಮ ತಮ್ಮ ಮನೇಲಿ ನನ್ನ ಹತ್ರ ಬಾಯಿ ಬಿಡೋದು ಚಾರ್ಜರ್ ಎಲ್ಲಿ ಅಂತ ಕೇಳೋಕೆ ಅತ್ತಿಗೆ. ಆ ಜೀಪು ನಿಂತ ಮೇಲೆ ಅದೂ ಇಲ್ಲ. ಕತ್ತಲೆ ನೋಡ್ತಾ ಮಲಗಿರ್ತಾರೆ. ಎಂತಾಯ್ತು ಅಂದ್ರೆ ಏನಿಲ್ಲ ಅಂತಾರೆ."

ದಾಕ್ಷಾಯಿಣಿಗೆ ಏರಿನ ಕಥೆ ಗೊತ್ತಿತ್ತು. ಹೇಳಬಹುದಿತ್ತು. ಸೌಟನ್ನು ಮತ್ತೆ ಕೈಗೆತ್ತಿಕೊಂಡು ಸಾರು ತಿರುವಿದಳು.

ಮರುದಿನ ಊಟಕ್ಕೆ ಕೂತಾಗ ಪ್ರಸನ್ನ ತಲೆ ಎತ್ತದೆ ಹೇಳಿದ. "ಸುಬ್ಬರಾಯರ ಲಾರಿಗೆ ಡ್ರೈವರ್ ಬೇಕಂತೆ. ಮಂಗಳೂರು ಲೈನು. ಒಪ್ಕೊಂಡು ಬಂದೆ."

"ಸ್ವಂತ ಗಾಡಿ ಇಟ್ಕೊಂಡು ಇನ್ನೊಬ್ಬರ ಸ್ಟೇರಿಂಗ್ ಹಿಡೀತೀಯಾ?" ರೇಣುಕಪ್ಪನ ಕೈ ಅನ್ನದಲ್ಲೇ ನಿಂತಿತು.

"ಸ್ವಂತ ಗಾಡಿ ಉರುಳಬೇಕಲ್ಲ ಅಪ್ಪಯ್ಯ."

"ಎಷ್ಟು ದಿನಕ್ಕೊಂದ್ಸಲ ಬರ್ತೀಯ?" ಕೇಳಿದಳು ದಾಕ್ಷಾಯಿಣಿ.

"ಸೋಮವಾರ ಹೋದ್ರೆ ಶನಿವಾರ. ಲೋಡ್ ಸಿಕ್ಕಿದ್ರೆ ಅದೂ ಇಲ್ಲ."

ಶ್ವೇತ ಏನೂ ಕೇಳಲಿಲ್ಲ. ಅವಳಿಗೆ ಮೊದಲೇ ಗೊತ್ತಿತ್ತೋ, ಕೇಳಿ ಪ್ರಯೋಜನವಿಲ್ಲ ಅಂತ ಬಿಟ್ಟಳೋ, ದಾಕ್ಷಾಯಿಣಿಗೆ ತಿಳಿಯಲಿಲ್ಲ. ಗಂಡನ ತಟ್ಟೆಗೆ ಇನ್ನೊಂದು ಸೌಟು ಮಜ್ಜಿಗೆ ಬಡಿಸಿದಳು, ಅಷ್ಟೇ.

ಅವನು ಹೋದ ಮೇಲೆ ಮನೆಯಲ್ಲಿ ಮೂವರು ಮೂರು ಹೊತ್ತಿಗೆ ಉಣ್ಣತೊಡಗಿದರು. ರೇಣುಕಪ್ಪ ಕತ್ತಲಾಗುವ ಮೊದಲೇ, ಶ್ವೇತ ಬಸ್ಸಿಳಿದು ಬಂದು ಫೋನು ನೋಡುತ್ತ, ದಾಕ್ಷಾಯಿಣಿ ಎಲ್ಲ ತೊಳೆದಿಟ್ಟ ಮೇಲೆ ಒಲೆಯ ಮುಂದೆ. ಅಕ್ಕಿ ಅಳೆಯುವಾಗ ಪ್ರತಿದಿನವೂ ಒಂದು ಪಾವು ಹೆಚ್ಚಾಗುತ್ತಿತ್ತು, ಮಾರನೇ ಬೆಳಿಗ್ಗೆ ಅದು ಚಿತ್ರಾನ್ನವಾಗುತ್ತಿತ್ತು. ಶನಿವಾರ ಬಂದವನು ಭಾನುವಾರ ಸಂಜೆವರೆಗೂ ಸತ್ತಂತೆ ಮಲಗಿದ. ಗುಜರಿಯ ಮಾತು ಯಾರೂ ಎತ್ತಲಿಲ್ಲ. ಅವನ ಅಂಗಿಯಲ್ಲಿ ಬೇರೆ ಯಾವುದೋ ಲಾರಿಯ, ಬೇರೆ ಊರಿನ ಮೀನುಗೊಬ್ಬರದ ವಾಸನೆ. ತೊಳೆದು ಒಣಗಿಸಿ, ಮಡಿಸಿ ಕೊಟ್ಟಳು. ಸೋಮವಾರ ಬೆಳಿಗ್ಗೆ ಮತ್ತೆ ಹೋದ. ಇನ್ನೊಂದು ವಾರವೂ ಹಾಗೇ ಕಳೆಯಿತು.

ಹೀಗಾದರೆ ಜೀಪು ಶೆಡ್ಡಿನಲ್ಲೇ ಇರುತ್ತದೆ, ತಮ್ಮ ಲಾರಿಯಲ್ಲೇ ಇರುತ್ತಾನೆ ಅಂತ ಅವಳಿಗೆ ತಿಳಿಯಿತು. ಜೀಪು ಓಡಿದರೆ ರಾತ್ರಿಯಾದರೂ ಮನೆಯಲ್ಲಿ ಮಲಗುವನು. ಮಾತಾಡದಿದ್ದರೂ ಸರಿ, "ಅಕ್ಕ, ನೀರು" ಅಂದರೂ ಸರಿ. ಒಂದು ಮಂಗಳವಾರ ಮಠಕ್ಕೆ ಹೋಗಿಬರುತ್ತೇನೆ ಅಂತ ಅಪ್ಪನಿಗೆ ಹೇಳಿ ಒಬ್ಬಳೇ ಎನ್.ಆರ್. ಪುರದ ಬಸ್ಸು ಹತ್ತಿದಳು. ಹೀಗೆ ಒಬ್ಬಳೇ ಹೋದದ್ದು ಅದೇ ಮೊದಲು. ಎಲ್ಲಿ ಇಳಿಯಬೇಕೆಂದು ಗೊತ್ತಿದ್ದರೂ ಕಂಡಕ್ಟರನ್ನು ಎರಡು ಸಲ ಕೇಳಿದಳು.

ಗೇಟು ದಾಟಿ ಒಳಗೆ ಹೋದವಳು ದಾರಿ ತಪ್ಪಿದೆನೇನೋ ಅಂದುಕೊಂಡಳು. ಹಿಂಬದಿಯ ಸಾಲೇ ಇರಲಿಲ್ಲ. ಬಿಳಿ ವ್ಯಾನು ನಿಂತ ಜಾಗದಲ್ಲಿ ಬೆಳ್ಳಗೆ ಬಾಡಿದ ಹುಲ್ಲು ಚೌಕಾಕಾರವಾಗಿ ಬಿದ್ದಿತ್ತು. ಪಕ್ಕದಲ್ಲೂ ಅಂಥದೇ ಚೌಕ, ಅದರ ಪಕ್ಕದಲ್ಲೂ.

"ಸಂಕ್ರಾಂತಿ ಆದ್ಮೇಲೆ ಲೋಡ್ ಹೋಯ್ತಲ್ಲ ಅಕ್ಕ," ಅಂದ ಚೋಮ. "ಆ ಸಾಲು ಪೂರ್ತಿ ಜಜ್ಜಿ ತುಂಬಿದ್ದು. ಆ ರಾಶೀನೂ."

"ಸೀಟಿನ ಕೆಳಗೆ ಏನಾದ್ರೂ ಇದ್ದಿದ್ರೆ?"

"ಎಲ್ಲ ಸೇರಿ ಕಬ್ಬಿಣ. ಯಾರು ಸೀಟು ಎತ್ತಿ ನೋಡ್ತಾರೆ?" ಅವನು ಅವಳ ಮುಖ ನೋಡಿದ. "ಏನಾದ್ರೂ ಇಟ್ಟಿದ್ರಾ?"

"ಇಲ್ಲ. ಸುಮ್ನೆ ಕೇಳ್ದೆ."

ಆದರೂ ಅವಳು ಮಧ್ಯಾಹ್ನದವರೆಗೂ ಉಳಿದ ಪ್ರತಿ ಗಾಡಿಯ ಕೆಳಗೆ ಬಗ್ಗಿ ನೋಡಿದಳು. ರಟ್ಟಿನ ಬಿಲ್ಲೆಯನ್ನು ಎಲ್ಲೆಲ್ಲಿಗೋ ಹಿಡಿದಳು. ಒಂದಕ್ಕೆ ಚಿಕ್ಕದಾಯಿತು, ಒಂದಕ್ಕೆ ದೊಡ್ಡದಾಯಿತು. ಚೋಮ ತಾನು ತಂದ ಡಬ್ಬಿಯಿಂದ ಎರಡು ಕಡುಬು ಎಲೆಯ ಮೇಲಿಟ್ಟು ಕೊಟ್ಟ. ತಿನ್ನದಿದ್ದರೆ ಕೇಳುತ್ತಾನೆ ಅಂತ ತಿಂದಳು.

"ಮಠದಲ್ಲಿ ಜನ ಇತ್ತಾ?" ಕೇಳಿದ ರೇಣುಕಪ್ಪ, ಸಂಜೆ.

"ಇತ್ತು ಅಪ್ಪಯ್ಯ."

ಆ ಶನಿವಾರ ಪ್ರಸನ್ನ ಬಂದಾಗ ರೇಣುಕಪ್ಪ ತಾನಾಗೇ ಮಾತು ತೆಗೆದ. ಎಷ್ಟೋ ದಿನಗಳ ಮೇಲೆ ನಾಲ್ವರೂ ಒಟ್ಟಿಗೆ ಕೂತಿದ್ದರು.

"ಕೊಟ್ಟುಬಿಡು. ಶೆಡ್ಡಲ್ಲಿ ತುಕ್ಕು ಹಿಡಿಯೋದು ನೋಡೋಕೆ ನಂಗಾಗಲ್ಲ. ಮಲ್ಲೇಶಪ್ಪಂಗೇ ಕೊಡು, ಯಾರಿಗಾದ್ರೂ ಬಿಡಿಬಿಡಿಯಾಗಿ ಉಪಯೋಗ ಆಗುತ್ತೆ."

"ಇನ್ನೊಂದೆರಡು ಕಡೆ ನೋಡಬಹುದಿತ್ತು ಮಾವ," ಅಂದಳು ಶ್ವೇತ. ಎಲ್ಲರೂ ಅವಳನ್ನು ನೋಡಿದರು. ಅವಳು ಮುಖ ತಗ್ಗಿಸಿದಳು. "ಪಿಕಪ್ ಬೇಕು ಅಂದೆ ನಿಜ. ಇವರು ಲಾರಿ ಹತ್ತಲಿ ಅಂದಿರ್ಲಿಲ್ಲ."

"ನೋಡೋದೆಲ್ಲ ನೋಡಿ ಆಯ್ತು," ಅಂದ ಪ್ರಸನ್ನ. "ಅಕ್ಕ, ನಾಳೆ ನೀನೂ ಬಾ. ಎಳ್ಕೊಂಡು ಹೋಗುವಾಗ ಹಗ್ಗ ನೋಡೋಕೆ ಒಬ್ಬರು ಬೇಕು."

ಬೆಳಿಗ್ಗೆ ಸಿದ್ದಾರ್ಥ ತನ್ನ ಪಿಕಪ್ ತಂದು ಜೀಪಿನ ಮುಂದಕ್ಕೆ ದಪ್ಪ ಹಗ್ಗ ಬಿಗಿದ. ಮುರಿದ ಕ್ರೌನು ಹೊರಗೆ ಬಂದಿದ್ದರಿಂದ ಚಕ್ರಗಳು ಸರಾಗವಾಗಿ ಉರುಳಿದವು. ರೇಣುಕಪ್ಪ ಹೊರಗೆ ಬರಲಿಲ್ಲ. ಒಳಗಿನಿಂದಲೇ, "ಇಳಿಜಾರಲ್ಲಿ ಹುಷಾರು. ಬ್ರೇಕ್ ತುಂಬಾ ಒತ್ತಬೇಡ," ಅಂದ, ಮಗ ಇವತ್ತು ಮೊದಲ ಸಲ ಓಡಿಸುತ್ತಾನೋ ಎಂಬ ಹಾಗೆ. ಶ್ವೇತ ಚಿತ್ರಾನ್ನದ ಡಬ್ಬಿ ತಂದು ಅತ್ತಿಗೆಯ ಮಡಿಲಿಗಿಟ್ಟಳು.

ದಾಕ್ಷಾಯಿಣಿ ಮುಂದಿನ ಸೀಟಿನಲ್ಲಿ ಕೂತಳು. ಬಾಗಿಲಿಲ್ಲದ ಜೀಪು, ಹೊರಕ್ಕೆ ಬಾಗಿದರೆ ಮುಂದಿನ ಹಗ್ಗ ಕಾಣುತ್ತಿತ್ತು.

"ಸಡಿಲ ಆದ ಕೂಡ್ಲೆ ಹೇಳು. ಚಕ್ರಕ್ಕೆ ಸಿಕ್ಕಿದ್ರೆ ಕೆಟ್ಟಿತು," ಅಂದ ಪ್ರಸನ್ನ.

ಎಂಜಿನಿನ ಸದ್ದಿಲ್ಲದೆ ಜೀಪು ಹೊರಟಿತು. ಬಾಳೆಹೊನ್ನೂರಿನ ಪೇಟೆಯಲ್ಲಿ ಗುರುತಿನವರು ನಿಂತು ನೋಡಿದರು. ಒಬ್ಬ "ಎಂತ ಮಾರಾಯ, ಪೆಟ್ರೋಲ್ ಉಳಿಸ್ತಿದೀಯಾ?" ಅಂತ ಕೂಗಿದ. ಪ್ರಸನ್ನ ಕೈ ಎತ್ತಿ ನಕ್ಕ. ಸೇತುವೆ ದಾಟಿತು, ಕಾಡಿನ ತಿರುವುಗಳು ಶುರುವಾದವು. ಗಾಡಿಯ ಸದ್ದು ಇಲ್ಲದ್ದಕ್ಕೆ ಸಣ್ಣ ದನಿಯ ಮಾತೂ ಕೇಳುತ್ತಿತ್ತು.

"ಸಡಿಲ," ಅಂದಳು. ಅವನು ಬ್ರೇಕಿನ ಮೇಲೆ ಕಾಲಿಟ್ಟ. ಹಗ್ಗ ಮತ್ತೆ ಬಿಗಿಯಿತು.

"ಒಂದು ಸಮಾಧಾನ ಅಕ್ಕ," ಅಂದ ಅವನು, ಮುಂದಿನ ಗಾಡಿಯ ದೀಪದಿಂದ ಕಣ್ಣು ತೆಗೆಯದೆ. "ಹುಡುಕಲಿಲ್ಲ ಅನ್ನೋ ಹಂಗಿಲ್ಲ. ಮೂರು ತಾಲ್ಲೂಕು ಸುತ್ತಿದ್ವಿ. ನೀನು ಒಂದೊಂದು ತುಣುಕೂ ಕೆರೆದು ನೋಡ್ದೆ. ಅಷ್ಟಾದ್ರೂ ಸಿಗ್ಲಿಲ್ಲ ಅಂದ್ರೆ, ಇರ್ಲಿಲ್ಲ ಅಂತಲೇ ಅರ್ಥ."

ದಾಕ್ಷಾಯಿಣಿ ಡಬ್ಬಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು.

"ಇತ್ತು," ಅಂದಳು.

"ಎಂತ?"

"ಕ್ರೌನು. ಮೊದಲನೇ ದಿನವೇ. ಎನ್.ಆರ್. ಪುರದಲ್ಲಿ. ಜೋಡಿ ಇತ್ತು, ಅಳತೆಯೂ ಕೂತಿತ್ತು. ನಾನೇ ಒಂದು ವ್ಯಾನಿನ ಸೀಟಿನ ಕೆಳಗೆ ಇಟ್ಟೆ. ಆಮೇಲೆ ಹೋಗಿ ನೋಡ್ದೆ. ವ್ಯಾನು ಜಜ್ಜಿ ಒಯ್ದಿದ್ರು."

ಹಗ್ಗ ಸಡಿಲಾಯಿತು. ಅವಳು ಹೇಳಲಿಲ್ಲ, ಅವನೇ ಕಂಡು ಬ್ರೇಕ್ ಒತ್ತಿದ. ಜೀಪು ಒಮ್ಮೆ ಜಗ್ಗಿತು.

"ಯಾಕೆ?" ಅಂದ.

ಒಂದು ತಿರುವು ಕಳೆಯಿತು, ಇನ್ನೊಂದು ಕಳೆಯಿತು.

"ಸಿಕ್ಕಿದ್ರೆ ಮತ್ತೆ ಬರ್ತಿರ್ಲಿಲ್ಲವಲ್ಲ ನಾವು," ಅಂದಳು.

ಅವನು ಸ್ಟೇರಿಂಗ್ ಬಿಡುವ ಹಾಗಿರಲಿಲ್ಲ, ಗಾಡಿ ನಿಲ್ಲಿಸುವ ಹಾಗಿರಲಿಲ್ಲ, ಅವಳ ಕಡೆ ತಿರುಗುವ ಹಾಗೂ ಇರಲಿಲ್ಲ. ಅವಳಿಗೂ ಎದ್ದು ಹೋಗಲು ಜಾಗವಿಲ್ಲ. ಗುಜರಿ ಬರುವವರೆಗೂ ಇಬ್ಬರೂ ಮುಂದಿನ ಗಾಡಿಯನ್ನೇ ನೋಡುತ್ತ ಪಕ್ಕಪಕ್ಕದಲ್ಲಿ ಕೂತಿದ್ದರು. "ಸಡಿಲ" ಅಂತ ಅವಳು ಅನ್ನುವುದು, ಅವನು ಕಾಲು ಒತ್ತುವುದು, ಅಷ್ಟೇ ನಡೆಯಿತು.

ಮಲ್ಲೇಶಪ್ಪ ಜೀಪಿಗೆ ಜಾಗ ತೋರಿಸಿದ. ಅದು ನಿಂತು ಇನ್ನೂ ಹೊತ್ತಾಗಿರಲಿಲ್ಲ, ಇಬ್ಬರು ಗಂಡಸರು ಪಾನಾ ಹಿಡಿದು ಬಂದು, "ರೇಡಿಯೇಟರ್ ಚೆನ್ನಾಗಿದೆಯಾ?" ಅಂತ ಕೇಳಿದರು. ಪ್ರಸನ್ನ, "ಚೆನ್ನಾಗಿದೆ, ಹೋದ ವರ್ಷ ಹಾಕ್ಸಿದ್ದು," ಅಂದು ಬಾನೆಟ್ಟು ಎತ್ತಿ ತೋರಿಸಿದ. ಚಿತ್ರಾನ್ನದ ಡಬ್ಬಿ ತೆರೆಯಲೇ ಇಲ್ಲ. ಹಿಂದಿರುಗುವ ಬಸ್ಸಿನಲ್ಲಿ ಅವನು ಎಲ್ಲಕ್ಕಿಂತ ಹಿಂದೆ ಹೋಗಿ ಕೂತ. ಅವಳು ಹೆಂಗಸರ ಸೀಟಿನಲ್ಲಿ, ಕಿಟಕಿಯ ಹತ್ತಿರ. ಕಂಡಕ್ಟರು ಬಂದು, "ನಿಮ್ದು ಆಗಿದೆ, ಹಿಂದೆ ಅವರು ತಗೊಂಡ್ರು," ಅಂದು ಮುಂದೆ ಹೋದ.

ರಾತ್ರಿ ಶ್ವೇತ ರೊಟ್ಟಿ ಮಾಡಿದ್ದಳು, ಬಾಳೆದಿಂಡಿನ ಪಲ್ಯ ಮಾಡಿದ್ದಳು. ದಾಕ್ಷಾಯಿಣಿ ಎಂದಿನಂತೆ ಬಡಿಸಲು ನಿಂತಳು. ರೇಣುಕಪ್ಪ ಖಾಲಿ ಶೆಡ್ಡಿನ ಕಡೆ ನೋಡಬಾರದೆಂದು ಬೆನ್ನು ತಿರುಗಿಸಿ ಕೂತಿದ್ದ. ಎರಡು ತುತ್ತು ತಿಂದು ಮಗನನ್ನು ಕೇಳಿದ.

"ಅಲ್ಲ ಮಾರಾಯ, ಅಷ್ಟು ಗುಜರಿ ತಿರುಗಿದ್ರಿ. ಅಷ್ಟರೊಳಗೆ ಆ ಒಂದು ಸಾಮಾನು ಎಲ್ಲೂ ಇರ್ಲಿಲ್ವಾ?"

ದಾಕ್ಷಾಯಿಣಿಯ ಕೈಯ ರೊಟ್ಟಿ ಗಾಳಿಯಲ್ಲೇ ನಿಂತಿತು. ಶ್ವೇತ ಒಲೆಯ ಕಡೆಯಿಂದ ತಿರುಗಿ ನೋಡಿದಳು.

"ಇಲ್ಲ ಅಪ್ಪಯ್ಯ," ಅಂದ ಪ್ರಸನ್ನ. "ಎಲ್ಲೂ ಇರ್ಲಿಲ್ಲ."

"ಹಾಗಾದ್ರೆ ನಮ್ಮ ಹಣೇಲಿ ಇಲ್ಲ ಬಿಡು," ಅಂದು ರೇಣುಕಪ್ಪ ಪಲ್ಯಕ್ಕೆ ಕೈ ಹಾಕಿದ.

ದಾಕ್ಷಾಯಿಣಿ ರೊಟ್ಟಿ ಹಿಡಿದು ತಮ್ಮನ ಹತ್ತಿರ ಬಂದಳು. ಅವನ ತಟ್ಟೆ ಬರಿದಾಗಿತ್ತು. ಅವನು ತಲೆ ಎತ್ತಲಿಲ್ಲ. ತಟ್ಟೆಯನ್ನು ಕೈಗೆತ್ತಿಕೊಂಡು, ಅವಳನ್ನು ದಾಟಿಸಿ, ಒಲೆಯ ಮುಂದೆ ಕೂತಿದ್ದ ಹೆಂಡತಿಯ ಕಡೆ ಚಾಚಿದ.

"ಶ್ವೇತ," ಅಂದ, "ಇನ್ನೊಂದು ಹಾಕು."